ಓನರಮ್ಮನ ಏಳು ತಿಂಗಳು

ಓನರಮ್ಮ ತೀರಿಕೊಂಡರು ಅಂತ ಸುದ್ದಿ ಬಂದಾಗ ನಾನು ಮೊದಲು ಮಾಡಿದ ಕೆಲಸ, ಎದ್ದು ಹೋಗಿ ಮಗಳ ಪಕ್ಕದ ಕಿಟಕಿ ಮುಚ್ಚಿದ್ದು. ಹೊರಗೆ ರಣಬಿಸಿಲು. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಹೈಸ್ಕೂಲಿಗೆ ಹೋಗುವ ಹುಡುಗಿ, ಲೆಕ್ಕ ಮಾಡುತ್ತಾ ಕೂತಿದ್ದವಳು, ತಲೆಯೆತ್ತಿ "ಅಪ್ಪಾ, ಸೆಕೆ!" ಅಂದಳು. "ಇರಲಿ, ಸ್ವಲ್ಪ ಹೊತ್ತು," ಅಂದೆ. ಯಾಕೆ ಅಂತ ಹೆಂಡತಿ ಕೇಳಲಿಲ್ಲ. ಅಡುಗೆಮನೆಯ ಕಿಟಕಿಯನ್ನು ಅವಳೂ ಮುಚ್ಚುತ್ತಿದ್ದ ಸದ್ದು ಕೇಳಿಸಿತು.

"ತಣ್ಣನೆ ಗಾಳಿ ಕಳ್ಳ ಇದ್ದಂಗೆ ಕಣಪ್ಪ, ಬಾಗ್ಲು ತಟ್ಟಿ ಬರಾಕಿಲ್ಲ." ಓನರಮ್ಮನ ಮಾತು ಇದು. ಅವರನ್ನು ನೋಡದೆ ಎಷ್ಟೋ ಕಾಲವಾಗಿತ್ತು, ಆದರೆ ಈ ಮಾತು ಮಾತ್ರ ಪ್ರತಿ ಚಳಿಗಾಲ ನಮ್ಮ ಮನೆಗೆ ಬಂದು ಹೋಗುತ್ತಿತ್ತು. ಈ ಸಲ ಬೇಸಿಗೆಯಲ್ಲೇ ಬಂತು.

ಓನರಮ್ಮ ಎನ್ನುವುದು ಅವರ ಹೆಸರಲ್ಲ. ಅವರ ಹೆಸರು ನಮಗ್ಯಾರಿಗೂ ಬೇಕಾಗಲಿಲ್ಲ, ಅವರಿಗೆ ನಮ್ಮ ಹೆಸರೂ ಬೇಕಾಗಲಿಲ್ಲ. ಪೀಣ್ಯದಲ್ಲಿ ಕಾರ್ಖಾನೆಗಳು ಆಗಿನ್ನೂ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಎದ್ದು ನಿಲ್ಲುತ್ತಿದ್ದ ಕಾಲ. ಗೋಡೆಯ ಈಚೆಗೆ ರಾಗಿ ತೆನೆ, ಆಚೆಗೆ ತಗಡು ಬಡಿಯುವ ಪವರ್ ಪ್ರೆಸ್ಸು. ಕಾರ್ಖಾನೆಗಳಿಗೆ ಅಂತ ಅವರ ಹೊಲ ಹೋದ ಮೇಲೆ, ಉಳಿದ ತುಂಡು ನೆಲದಲ್ಲಿ ಶೀಟಿನ ಮನೆಗಳನ್ನು ಸಾಲಾಗಿ ಕಟ್ಟಿಸಿ, ಅದೇ ಕಾರ್ಖಾನೆಗಳ ಕೆಲಸಗಾರರಿಗೆ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆಯವರನ್ನು ಅವರವರ ಕೆಲಸದಿಂದಲೇ ಕರೆಯುವುದು. ಮೊದಲನೇ ಮನೆಯವನು ಗ್ರೈಂಡಿಂಗು, ಅವನ ಪಕ್ಕದವನು ವೆಲ್ಡಿಂಗು, ಕೊನೆಯ ಮನೆಯ ನಾನು ಚೆಕಿಂಗು. "ಏ ವೆಲ್ಡಿಂಗು, ನಿನ್ನೆಂಡ್ರು ನಲ್ಲಿ ನಿಲ್ಲಿಸ್ದೇ ಓಗವ್ಳೆ! ಆ ನೀರು ನಿಮ್ಮಪ್ಪ ಒತ್ಕಂಡ್ ಬಂದಿದ್ನಾ?" ಅಂತ ಬೆಳಗಾಗುತ್ತಿತ್ತು ನಮ್ಮ ವಠಾರದಲ್ಲಿ.

ಗಂಡನಿಗಿಂತ ಎತ್ತರವಿದ್ದ ಹೆಂಗಸಂತೆ. ಗಂಡ ತೀರಿಹೋಗಿದ್ದ ಕಾರಣ ಅಳತೆ ನೋಡುವ ಅವಕಾಶ ನನಗೆ ಸಿಗಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಬೀಗದಕೈ ಗೊಂಚಲು ಝಣ್ ಅಂದರೆ ಸಾಕು, ಇಡೀ ವಠಾರ ತನ್ನ ತಪ್ಪುಗಳನ್ನು ಜ್ಞಾಪಿಸಿಕೊಳ್ಳುತ್ತಿತ್ತು. ತಪ್ಪು ಮಾಡದೆಯೂ ಜ್ಞಾಪಿಸಿಕೊಳ್ಳುತ್ತಿದ್ದವನು ನಾನೊಬ್ಬ.

ಅವರಿಗೊಬ್ಬ ಮಗ. ಆನೆ ಗಾತ್ರದ ಆಳು, ಕಾರ್ಖಾನೆಗಳಿಗೆ ಕಬ್ಬಿಣ ತರುವ ಲಾರಿ ಓಡಿಸುತ್ತಿದ್ದ. ಇಬ್ಬರು ಎತ್ತುವ ಸರಳಿನ ಕಟ್ಟನ್ನು ಒಬ್ಬನೇ ಹೆಗಲಿಗೆ ಏರಿಸಿಕೊಂಡು ನಗುತ್ತಾ ನಡೆಯುತ್ತಿದ್ದ. ಊರೆಲ್ಲ ಅವನನ್ನು ಕರೆಯುತ್ತಿದ್ದುದು 'ಏಳ್ತಿಂಗಳ' ಅಂತ. ಏಳನೇ ತಿಂಗಳಿಗೇ ಹುಟ್ಟಿದವನಂತೆ. ಅವನೂ ಅದನ್ನು ಬಿರುದಿನ ಹಾಗೆ ಹೊತ್ತುಕೊಂಡಿದ್ದ. "ನೋಡಿ ಸಾರ್, ಅವಸರವಾಗಿ ಬಂದೋನು ನಾನು. ಇನ್ನೆರಡು ತಿಂಗಳು ಒಳಗೇ ಇದ್ದಿದ್ರೆ ನಮ್ಮವ್ವನ ಗತಿ ಏನು?" ಅನ್ನುತ್ತಿದ್ದ.

ನನ್ನ ವಿಷಯ ಹೇಳುವುದಾದರೆ, ಕಾರ್ಖಾನೆಯಲ್ಲಿ ನನ್ನದು ಇನ್‌ಸ್ಪೆಕ್ಷನ್. ಬೇರೆಯವರು ಮಾಡಿದ್ದನ್ನು ಅಳೆದು, ಕೂದಲೆಳೆ ಹೆಚ್ಚುಕಮ್ಮಿ ಇದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು. ಹುಟ್ಟಾ ಪುಕ್ಕಲನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು. ಅನುಮಾನಪಟ್ಟರೆ ಸಂಬಳ ಕೊಡುವ ಜಾಗ ಅದೊಂದೇ. ಕೆಲಸ ಮುಗಿಸಿ ಬಂದ ಮೇಲೂ ನನ್ನ ತಲೆ ಚೆಕಿಂಗ್ ನಿಲ್ಲಿಸುತ್ತಿರಲಿಲ್ಲ. ಸ್ಟೌ ಆರಿಸಿದೆವಾ? ಶೀಟು ಹಾರಿ ಹೋದರೆ? ಹೆಂಡತಿ ಬಸುರಿಯಾದ ಮೇಲಂತೂ ಈ ಭೂಮಿಯ ಮೇಲೆ ಕಾಲು ಜಾರುವ ಜಾಗಗಳು ಎಷ್ಟಿವೆ ಅಂತ ನನ್ನಷ್ಟು ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ.

ಇಷ್ಟೆಲ್ಲ ಹೆದರಿದ್ದರೂ ನಿಜವಾಗಿ ಆಗಿದ್ದನ್ನು ನಾನು ಊಹಿಸಿರಲೇ ಇಲ್ಲ. ಮಾಗಿಯ ಚಳಿ ಆಗತಾನೆ ಶುರುವಾಗಿತ್ತು. ಎಂಟನೇ ತಿಂಗಳಲ್ಲಿ, ಅಕ್ಕಿ ಆರಿಸುತ್ತಾ ಕೂತಿದ್ದವಳು ಹೊಟ್ಟೆ ಹಿಡಿದುಕೊಂಡಳು. ಏಳ್ತಿಂಗಳನ ಲಾರಿಯಲ್ಲೇ ಆಸ್ಪತ್ರೆಗೆ ಹೋದೆವು. ಹೆಣ್ಣು ಮಗು. ನನ್ನ ಅಂಗೈ ಮತ್ತು ಅದರಾಚೆಗೆ ಸ್ವಲ್ಪ, ಅಷ್ಟೇ ಉದ್ದ. ಚರ್ಮದೊಳಗೆ ಓಡುವ ನರಗಳೆಲ್ಲ ಕಾಣುತ್ತಿದ್ದವು. ಅತ್ತರೆ ಬೆಕ್ಕಿನ ಮರಿ ಗೋಡೆಯಾಚೆ ಕೂಗಿದ ಹಾಗೆ.

ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆಮೇಲೆ ಡಾಕ್ಟರಮ್ಮ ನನ್ನನ್ನು ಕರೆದು, "ನಿಮ್ಮ ಮಗು ಹಾಲು ನುಂಗ್ತಿದೆ. ಅದಕ್ಕಿಂತ ಚಿಕ್ಕದೊಂದು ಬಂದಿದೆ, ನಮ್ಮಲ್ಲಿ ಪೆಟ್ಟಿಗೆ ಕಮ್ಮಿ. ಮನೆಗೆ ಕರ್ಕೊಂಡು ಹೋಗಿ. ಬೆಚ್ಚಗಿಡಿ," ಅಂದರು.

"ಎಷ್ಟು ಬೆಚ್ಚಗೆ, ಡಾಕ್ಟ್ರೇ?"

"ಬೆಚ್ಚಗೆ ಅಂದ್ರೆ ಬೆಚ್ಚಗೆ ಕಣ್ರೀ."

ಹೆಚ್ಚುಕಮ್ಮಿ ಎಷ್ಟರವರೆಗೆ ನಡೆಯುತ್ತೆ ಅಂತ ಹೇಳದೆ ಯಾವ ವಸ್ತುವನ್ನೂ ನಮ್ಮ ಕಾರ್ಖಾನೆಯಲ್ಲಿ ನನ್ನ ಕೈಗೆ ಕೊಟ್ಟಿರಲಿಲ್ಲ. ಇದೊಂದನ್ನು ಕೊಟ್ಟರು. ಹೊರಡುವಾಗ ಧೈರ್ಯ ಮಾಡಿ ಕೇಳಿದೆ: "ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅಂತಾರಲ್ಲ..." ಅವರು ನಕ್ಕುಬಿಟ್ಟರು. "ಒಂದು ತಿಂಗಳು ಜಾಸ್ತಿ ಒಳಗಿದ್ರೆ ಒಳ್ಳೇದಲ್ವೇನ್ರೀ? ಲೆಕ್ಕ ಬರುತ್ತಲ್ಲ ನಿಮಗೆ?"

ಲೆಕ್ಕ ಬರುತ್ತಿತ್ತು. ಆದರೆ ವಠಾರಕ್ಕೆ ಕಾಲಿಡುತ್ತಿದ್ದ ಹಾಗೆ ಮರೆತುಹೋಯಿತು. ಅಲ್ಲಿ ಹೆಂಗಸರು ಬೆರಳು ಮಡಚಿ ಆಗಲೇ ಎಣಿಸಿ ಮುಗಿಸಿದ್ದರು. ಎಂಟು. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಬಂದವರೆಲ್ಲ ಮಗುವನ್ನು ನೋಡಿ, ಆಮೇಲೆ ನನ್ನ ಹೆಂಡತಿಯನ್ನು ನೋಡಿ, "ಉಷಾರಾಗು ತಾಯಿ, ನಿಂಗಿನ್ನೂ ವಯಸ್ಸಿದೆ," ಅಂದು ಹೋಗುತ್ತಿದ್ದರು. ಹೆಸರೇನಿಡ್ತೀರಿ ಅಂತ ಒಬ್ಬರೂ ಕೇಳಲಿಲ್ಲ.

ಹೆಂಡತಿಗೆ ತಾಯಿ ಇರಲಿಲ್ಲ. ಬಾಣಂತನಕ್ಕೆ ನಮ್ಮಮ್ಮನೇ ಊರಿಂದ ಬಂದಳು. ಅಮ್ಮ ಕೆಟ್ಟವಳಲ್ಲ. ಅವಳೂ ಒಂದನ್ನು ಕಳಕೊಂಡವಳೇ. ಆದ್ದರಿಂದಲೇ ಜಾಗ್ರತೆ. ಹೆಂಡತಿಯ ಮಂಚ ಒಂದು ಮೂಲೆಗೆ. ಎದುರು ಮೂಲೆಯಲ್ಲಿ ಮೊರ, ಮೊರದ ತುಂಬ ಹತ್ತಿ, ಹತ್ತಿಯೊಳಗೆ ಮಗು, ಎರಡೂ ಕಡೆ ಬಿಸಿನೀರಿನ ಸೀಸೆ. ಸೀಸೆ ಆರಿದರೆ ಬದಲಾಯಿಸುವುದು. ಒಳಲೆಯ ಮೂತಿಯಿಂದ ತೊಟ್ಟು ತೊಟ್ಟಾಗಿ ತಾಯಿಯ ಹಾಲು. ಹಾಲು ಕುಡಿಸುವುದೂ ಅಮ್ಮನೇ. "ನೀನು ಹಸಿ ಮೈಯವಳು, ಎತ್ಕೋಬೇಡ, ಅದಕ್ಕೆ ನಂಜು," ಅಂತ ಸೊಸೆಗೆ ಹೇಳಿದಳು. ನನ್ನನ್ನು ಹಿತ್ತಲಿಗೆ ಕರೆದು ಇನ್ನೊಂದು ಮಾತು ಹೇಳಿದಳು: "ನೆಚ್ಕೋಬೇಡ ಕಣೋ. ಅವಳಿಗೂ ನೆಚ್ಚಿಸಬೇಡ. ಎಂಟರದ್ದು."

ಹೆಂಡತಿಗೆ ಅದನ್ನು ಹೇಳಬೇಕಾಗಿಯೇ ಇರಲಿಲ್ಲ. ಅವಳು ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ಮೊರದಿಂದ ಸದ್ದು ಬಂದರೆ ಅವಳ ಬೆನ್ನು ಬಿಗಿಯುತ್ತಿತ್ತು. ಸದ್ದು ಬರದಿದ್ದರೆ ಇನ್ನೂ ಬಿಗಿಯುತ್ತಿತ್ತು. ನಾನು ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತು ಹತ್ತಿ ಅಲುಗುತ್ತಾ ಅಂತ ನೋಡುವುದು. ಪಕ್ಕದ ಪವರ್ ಪ್ರೆಸ್ಸು ದಡಕ್ ಅನ್ನುವುದು, ನೆಲ ನಡುಗುವುದು, ಹತ್ತಿ ಅಲುಗುವುದು. ಉಸಿರಿಗೆ ಅಲುಗಿತೋ ಪ್ರೆಸ್ಸಿಗೆ ಅಲುಗಿತೋ ತಿಳಿಯದೆ ನಾನು ಬೆವರುವುದು. ಒಂದು ದಿನ ತಡೆಯಲಾರದೆ ಕಾರ್ಖಾನೆಯಿಂದ ವರ್ನಿಯರ್ ತಂದು ಮಗುವಿನ ಮುಂಗೈ ದಪ್ಪ ಅಳೆಯಲು ಕೂತಿದ್ದೆ. ಬೆಳೆಯುತ್ತಿದೆಯೋ ಇಲ್ಲವೋ ಗೊತ್ತಾಗಲಿ ಅಂತ. ಬಾಗಿಲಲ್ಲಿ ಝಣ್ ಅಂತು.

"ಏನಪ್ಪಾ ಚೆಕಿಂಗು, ಪಾಸೋ ಪೇಲೋ?" ಅಂದರು ಓನರಮ್ಮ. ನನ್ನ ಕೈಯಿಂದ ವರ್ನಿಯರ್ ಕಸಿದು ಕಿಟಕಿಯ ಮೇಲಿಟ್ಟರು. "ತಣ್ಣನೆ ಕಬ್ಬಿಣ ಮುಟ್ಟಿಸ್ತೀಯಲ್ಲೋ ಕೂಸಿಗೆ!" ಆಮೇಲೆ ಮೊರವನ್ನು ನೋಡಿದರು. ತುಂಬ ಹೊತ್ತು ನೋಡಿದರು. ಬೈಯುವ ಹೆಂಗಸು ಬೈಯದೆ ನಿಂತಿದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಅಮ್ಮನ ಮುಖವನ್ನೊಮ್ಮೆ ನೋಡಿ, ಹಾಗೇ ಹೋಗಿಬಿಟ್ಟರು.

ಅದಾದ ಒಂದೆರಡು ದಿನಕ್ಕೆ, ಒಳ್ಳೆಯ ದಿನ ಅಂತ ಅಮ್ಮ ಮಗುವಿಗೆ ನೀರು ಹಾಕಿದಳು. ನಮ್ಮ ಕಡೆ ಕೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ತಲೆಗೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಡದಿದ್ದರೆ ಅದು ಕೂಸೇ ಅಲ್ಲ. ನೀರು ಬಿಸಿಯಾಗಿಯೇ ಇತ್ತು. ಆದರೆ ಶೀಟಿನ ಮನೆಯ ಬಚ್ಚಲು, ಬೆಳಗಿನ ಚಳಿ. ಹೊಗೆ ತೋರಿಸಿ ಹತ್ತಿಯಲ್ಲಿ ಇಡುವ ಹೊತ್ತಿಗೆ ಮಗುವಿನ ತುಟಿ ನೇರಳೆ. ಮುಟ್ಟಿದರೆ ಮಣ್ಣಿನ ಹೂಜಿ ಮುಟ್ಟಿದ ಹಾಗೆ. ಅಳುತ್ತಿಲ್ಲ. ಅಮ್ಮ ಅಂಗಾಲು ಉಜ್ಜುತ್ತಾ "ನೋಡೇ, ಕಣ್ಬಿಡೇ," ಅನ್ನುತ್ತಿದ್ದಾಳೆ. ನಾನು ಸೀಸೆಗೆ ಬಿಸಿನೀರು ತುಂಬಲು ಹೋಗಿ ಕಾಲ ಮೇಲೇ ಸುರಿದುಕೊಂಡೆ. ಸುಟ್ಟದ್ದು ಗೊತ್ತಾಗಲಿಲ್ಲ.

ಹೊಗೆಯ ವಾಸನೆಗೆ ಓನರಮ್ಮ ಬಂದರು. "ನೀರಾಕಿದ್ರಾ? ಈ ಚಳೀಲಿ? ಇಷ್ಟುದ್ದದ ಕೂಸಿಗೆ?"

ಯಾರ ಉತ್ತರಕ್ಕೂ ಕಾಯಲಿಲ್ಲ. ಹೊಗೆಯ ಬಾಣಲೆಯನ್ನು ಕಾಲಿನಿಂದಲೇ ಹೊರಗೆ ತಳ್ಳಿದರು. ಮಗುವಿನ ತಲೆಯನ್ನು ತಮ್ಮ ಸೆರಗಿನಿಂದ ಒರೆಸಿ ಒಣಗಿಸಿ, ಮೈಮೇಲಿದ್ದ ಬಟ್ಟೆ ತೆಗೆದು ಬಿಸಾಡಿ, ಸೀದಾ ನನ್ನ ಹೆಂಡತಿಯ ಮಂಚಕ್ಕೆ ಹೋದರು. "ತಿರುಗು ಈ ಕಡೆ. ಕುಪ್ಪಸ ಬಿಚ್ಚು."

ಅವಳು ಗೋಡೆಗೆ ಇನ್ನೂ ಒತ್ತಿಕೊಂಡಳು. "ಬೇಡ ಓನರಮ್ಮ, ಬೇಡ. ನನ್ನ ಮೈ ಮೇಲೇ ಹೋಗ್ಬಿಟ್ರೆ?"

ಅಷ್ಟು ದಿನ ಅವಳು ಗೋಡೆಗೆ ಮಾತ್ರ ಹೇಳುತ್ತಿದ್ದದ್ದು ಇದೇ ಅಂತ ನನಗೆ ಆಗ ತಿಳಿಯಿತು.

ಓನರಮ್ಮನ ದನಿ ಏರಲಿಲ್ಲ. "ಓದ್ರೆ ನಿನ್ ಮೈ ಮೇಲೇ ಓಗ್ಲಿ ಕಣವ್ವ. ಬೆಚ್ಚಗೆ ಓಗ್ಲಿ. ಮೊರದಲ್ಲಿ ಒಬ್ಬೊಂಟಿಯಾಗಿ ಯಾಕೆ ಓಗ್ಬೇಕು?" ಅಂದರು. ಅವಳ ಕುಪ್ಪಸದ ಗುಂಡಿಗಳನ್ನು ತಾವೇ ಬಿಚ್ಚಿ, ಮಗುವನ್ನು ಬರಿಮೈಯಲ್ಲೇ ಎದೆಗೆ ಅಂಟಿಸಿ, ಕಪ್ಪೆಮರಿಯ ಹಾಗೆ ಅದರ ಕೈಕಾಲು ಮಡಚಿ, ಮೂಗು ಹೊರಕ್ಕೆ ಬರುವಂತೆ ತಲೆ ಪಕ್ಕಕ್ಕೆ ತಿರುಗಿಸಿ, ಹಳೇ ಸೀರೆಯಿಂದ ಇಬ್ಬರನ್ನೂ ಸೇರಿಸಿ ಸುತ್ತಿದರು. ಮೇಲೊಂದು ಕಂಬಳಿ. ನನ್ನ ಕಡೆ ತಿರುಗಿ, "ಬಾಗ್ಲಾಕು. ಬಾಯಿ ಮುಚ್ಚು," ಅಂದರು. ನಾನೇನೂ ಮಾತಾಡುತ್ತಿರಲಿಲ್ಲ. ಹಲ್ಲು ಕಟಕಟ ಅನ್ನುತ್ತಿತ್ತು, ಅಷ್ಟೇ.

ಎಷ್ಟು ಹೊತ್ತೋ ತಿಳಿಯದು. ಪ್ರೆಸ್ಸಿನ ಸದ್ದು ಬರುತ್ತಲೇ ಇತ್ತು. ಹೆಂಡತಿ ಕಣ್ಣು ಬಿಗಿಯಾಗಿ ಮುಚ್ಚಿದ್ದಳು, ಕೈಗಳನ್ನು ಮಗುವಿಗೆ ತಾಗದಂತೆ ಎರಡೂ ಕಡೆ ಚಾಚಿ. ಆಮೇಲೆ ಒಂದು ಕೈ ನಿಧಾನಕ್ಕೆ ಬಂದು ಸೀರೆಯ ಗಂಟಿನ ಮೇಲೆ ಕೂತಿತು. "ಅಲುಗ್ತು," ಅಂದಳು. ಯಾರೂ ನಂಬಲಿಲ್ಲ. "ಅಲುಗ್ತು ಕಣ್ರೀ. ಕೆರೀತಿದೆ!" ಒಳಗಿನಿಂದ ಬೆಕ್ಕಿನ ಮರಿಯ ಸದ್ದು. ಓನರಮ್ಮ ಇಣುಕಿ ನೋಡಿ, "ತುಟಿ ಕೆಂಪಾಯ್ತು. ಇಳಿಸ್ಬ್ಯಾಡ ಇನ್ನ," ಅಂದು ನೆಲದ ಮೇಲೆ ಕುಸಿದು ಕೂತರು.

ನಾನು ಕಾಫಿ ಕೊಟ್ಟೆ. ಲೋಟದೊಳಕ್ಕೆ ನೋಡುತ್ತಾ ಹೇಳಿದರು, ನಮಗೋ ಲೋಟಕ್ಕೋ: "ನಂದು ಮೊದಲ್ನೇದು ಮೊರದಲ್ಲೇ ಓಯ್ತು. ಪುರುಡು ಅಂತ ಮುಟ್ಟಾಕೂ ಬಿಡಲಿಲ್ಲ. ಎರಡ್ನೇದೂ ಅವಸರದ್ದೇ. ಯಾರ ಕೈಗೂ ಕೊಡಲಿಲ್ಲ. ಕುಪ್ಪಸದೊಳಗೆ ಇಟ್ಕಂಡು ದನ ಕಾದೆ. ನಮ್ಮತ್ತೆ ಉಗಿದ್ಲು, ಉಗೀಲಿ ಅಂತ ಬಿಟ್ಟೆ. ಆ ಕೋಣ ಲಾರಿ ಓಡಿಸ್ತಾವ್ನೆ ಈಗ."

ಮಾರನೇ ಬೆಳಿಗ್ಗೆ ಆದದ್ದು ಇದಕ್ಕಿಂತ ದೊಡ್ಡದು. ಹೆಂಡತಿ ಮಗುವನ್ನು ಕಟ್ಟಿಕೊಂಡು ಕೂತಿದ್ದಳೇನೋ ಸರಿ. ಆದರೆ ಹೆದರಿಕೆ ಎಲ್ಲಿ ಹೋಗುತ್ತೆ? "ಎಂಟರದ್ದು ತಾನೇ," ಅಂತ ಕಣ್ಣಲ್ಲಿ ನೀರು ತುಂಬಿಕೊಳ್ಳುವುದು, ಗಂಟು ಸಡಿಲಿಸುವುದು, ಮತ್ತೆ ಬಿಗಿಯುವುದು. ಅಮ್ಮ ಮೊರವನ್ನು ತೊಳೆದು ಒಣಗಿಸಿಟ್ಟಿದ್ದಳು, ಯಾವುದಕ್ಕೂ ಇರಲಿ ಅಂತ. ಆಗ ನಲ್ಲಿಯ ಹತ್ತಿರ ಬೀಗದಕೈಗಳು ಎಂದಿಗಿಂತ ಜೋರಾಗಿ ಸದ್ದು ಮಾಡಿದವು.

"ಯಾವಳೇ ಅವಳು ಆ ಕೂಸು ಎಂಟರದ್ದು ಅಂದೋಳು? ಮಾರಮ್ಮನ ಅಬ್ಬದ ದಿನ ಚೆಕಿಂಗಿನ ಎಂಡ್ತಿ ತಂಬಿಟ್ಟಿನ ಆರತಿ ಎತ್ತಿದ್ಲಾ?"

"ಇಲ್ಲ," ಅಂದಿತು ಯಾವುದೋ ಬಿಂದಿಗೆ.

"ಯಾಕೆ ಎತ್ತಲಿಲ್ಲ? ಮುಟ್ಟಾಗಿದ್ಲು. ಇತ್ಲಲ್ಲಿ ಬಟ್ಟೆ ಒಣಗಾಕಿದ್ದನ್ನ ಕಣ್ಣಾರೆ ಕಂಡೋಳು ನಾನು. ಅಲ್ಲಿಂದ ಎಣಿಸ್ರೇ. ಬೆರಳೈತೆ ತಾನೆ?"

ಬೆರಳುಗಳು ಮಡಚಿದವು. ಏಳು.

ಮನೆಯೊಳಗೆ ನಾವು ಮೂವರೂ ಕೇಳುತ್ತಿದ್ದೆವು. ಹಬ್ಬದ ದಿನ ಅವಳು ಆರತಿ ಎತ್ತಲಿಲ್ಲ, ನಿಜ. ಆದರೆ ಮುಟ್ಟಾಗಿರಲಿಲ್ಲ. ಅದು ನಿಂತು ಆಗಲೇ ಬಸಿರು ಕೂತಿತ್ತು. ತಂಬಿಟ್ಟಿನ ವಾಸನೆಗೆ ವಾಂತಿ ಬರುತ್ತೆ ಅಂತ ಒಳಗೆ ಮಲಗಿದ್ದಳು. ನನಗದು ಗೊತ್ತು. ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಓನರಮ್ಮ ನಿಜವಾದ ಗೈರುಹಾಜರಿಗೆ ಸುಳ್ಳು ಕಾರಣ ಅಂಟಿಸಿ, ಹಾಡುಹಗಲಲ್ಲಿ, ವಠಾರದ ಎಲ್ಲರೆದುರು, ನಮ್ಮ ಮಗುವನ್ನು ಒಂದು ತಿಂಗಳು ಹಿಂದಕ್ಕೆ ತಳ್ಳಿದ್ದರು.

ಅಮ್ಮ ಸೊಸೆಯ ಕಡೆ ತಿರುಗಿದಳು. "ಹೌದೇನೇ?"

ಹೆಂಡತಿ ನನ್ನನ್ನು ನೋಡಲಿಲ್ಲ. ಸೀರೆಯೊಳಗಿನ ಪುಟ್ಟ ತಲೆಯನ್ನು ನೋಡಿದಳು. "ಹೂಂ ಅತ್ತೆ. ನಾನೇ ತಪ್ಪು ಎಣಿಸಿದ್ದೆ," ಅಂದಳು.

ಅವತ್ತೇ ಅಮ್ಮ, ಪಕ್ಕದ ಮನೆಯಿಂದ ಕೇಳಿ ತಂದಿದ್ದ ಆ ಮೊರವನ್ನು ಹಿಂದಿರುಗಿಸಿ ಬಂದಳು. ತನ್ನ ಮೆತ್ತನೆಯ ಹಳೇ ಸೀರೆ ಹರಿದು ಕುಲಾವಿ ಹೊಲಿದಳು. ದೀಪದ ಕಪ್ಪು ತೆಗೆದು ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟಿಟ್ಟಳು. ಉಳಿಯುವವರಿಗೆ ಮಾತ್ರ ತಾನೇ ದೃಷ್ಟಿಯಾಗುವುದು? ಆ ಕಪ್ಪು ಚುಕ್ಕೆ ನೋಡಿ ನನ್ನ ಹೆಂಡತಿ, ಹೆರಿಗೆಯಾದ ಮೇಲೆ ಮೊದಲ ಸಲ, ಜೋರಾಗಿ ಅತ್ತಳು. ಗಂಟು ಮತ್ತೆ ಸಡಿಲಿಸಲಿಲ್ಲ.

ಓನರಮ್ಮ ದಿನಾ ಬರುತ್ತಿದ್ದರು. ವಿಚಿತ್ರವೆಂದರೆ, ಸದ್ದಿಲ್ಲದೆ ಬರುತ್ತಿದ್ದರು. ಕೂಸು ಬೆದರುತ್ತೆ ಅಂತ ಬೀಗದಕೈ ಗೊಂಚಲನ್ನು ಮನೆಯಲ್ಲೇ ಬಿಚ್ಚಿಟ್ಟು ಬರುವುದು. ಇದರಿಂದ ವಠಾರಕ್ಕೆ ಪ್ರಾಣಸಂಕಟ. ಯಾವ ಗಳಿಗೆಯಲ್ಲಿ ಯಾರ ಬೆನ್ನ ಹಿಂದೆ ನಿಂತಿರುತ್ತಾರೋ ಗೊತ್ತಾಗದು. ವೆಲ್ಡಿಂಗಿನವನು ಅವರ ಬಗ್ಗೆ ಏನೋ ಆಡುತ್ತಾ ತಿರುಗಿ ನೋಡಿ, ಬೀಡಿ ನುಂಗುವುದೊಂದು ಬಾಕಿ.

ಎಲ್ಲದರಲ್ಲೂ ಅವರ ಮಾತು ಸರಿಯಿತ್ತು ಅಂತ ನಾನು ಹೇಳಲಾರೆ. ಕತ್ತೆ ಹಾಲು ಕುಡಿಸಬೇಕು ಅಂತ ಕತ್ತೆಯವನನ್ನು ಕತ್ತೆ ಸಮೇತ ಬಾಗಿಲಿಗೆ ಕರೆತಂದಿದ್ದರು. ಹರಳೆಣ್ಣೆ ನೆಕ್ಕಿಸಬೇಕು ಅಂತ ಹಟ. ಮಗುವನ್ನು ತೋರಿಸಲು ಹೋದಾಗ ಜೊತೆಗೆ ಬಂದವರನ್ನು ಡಾಕ್ಟರಮ್ಮ ಚೆನ್ನಾಗಿ ತರಾಟೆಗೆ ತಗೊಂಡರು: "ತಾಯಿ ಹಾಲು ಬಿಟ್ಟು ಏನೂ ಬಾಯಿಗಿಡಬಾರದು. ಹೊಗೆ ಬೇಡ, ಸ್ನಾನ ಬೇಡ, ಮುಟ್ಟೋಕೆ ಮುಂಚೆ ಕೈ ತೊಳೀಬೇಕು." ಮಗುವನ್ನು ಎದೆಗೆ ಕಟ್ಟಿಕೊಂಡಿದ್ದ ಹೆಂಡತಿಯನ್ನು ಕಂಡು ಹತ್ತಿರ ಬಂದರು. ಒಳಗೆ ಕೈಯಿಟ್ಟು ಮಗುವಿನ ಪಾದ ಮುಟ್ಟಿದರು. "ಬೆಚ್ಚಗಿದೆ. ನಾನು ಕೇಳಿದ್ದು ಇದೇ. ಹೀಗೇ ಮುಂದುವರಿಸಿ, ಮೂಗು ಮುಚ್ಚದ ಹಾಗೆ ನೋಡ್ಕೊಳ್ಳಿ." ದಾರಿಯುದ್ದಕ್ಕೂ ಓನರಮ್ಮ ಗೊಣಗಿದರು: "ಕತ್ತೆ ಆಲು ಬ್ಯಾಡಂತೆ! ಅವಳಿಗೇನು ಗೊತ್ತು ಕತ್ತೆ ವಿಚಾರ." ಮನೆಗೆ ಬಂದವರೇ ಸೋಪು ಹಚ್ಚಿ ಮೊಣಕೈವರೆಗೂ ತೊಳೆದುಕೊಂಡರು. ಅವತ್ತಿನಿಂದ ಕೈ ತೊಳೆಯದೆ ನಮ್ಮ ಮನೆಯ ಹೊಸಿಲು ದಾಟಿದವರಿಗೆ ಸಿಕ್ಕುತ್ತಿದ್ದ ಬೈಗುಳವನ್ನು ಡಾಕ್ಟರಮ್ಮ ಕೇಳಬೇಕಿತ್ತು.

ಒಂದು ಭಾನುವಾರ ಮಧ್ಯಾಹ್ನ ಹೆಂಡತಿಗೆ ಜ್ವರ ಬಂತು. ಅಮ್ಮನಿಗೆ ಕೆಮ್ಮು. ಹೆಂಡತಿ ಗಂಟು ಬಿಚ್ಚಿ, "ಈಗೇನು ಮಾಡೋದು?" ಅಂತ ಅತ್ತಿತ್ತ ನೋಡಿದಳು. ಓನರಮ್ಮನ ಕಣ್ಣು ನನ್ನ ಮೇಲೆ ಬಿತ್ತು.

"ಚೆಕಿಂಗು, ಬನೀನು ಬಿಚ್ಚು."

"ನಾನಾ? ನಂಗೆ ಭಯ ಆಗುತ್ತೆ ಓನರಮ್ಮ."

"ಅದಕ್ಕೇ ನೀನು. ಧೈರ್ಯಸ್ತರು ಕೂಸು ಕಟ್ಕಂಡು ನಿದ್ದೆ ಒಡೀತಾರೆ. ನೀನು ರೆಪ್ಪೆನೂ ಬಡಿಯಾಕಿಲ್ಲ. ಎದೇಲಿ ಮಾಂಸ ಇಲ್ಲ, ಬಿಸಿ ಐತಲ್ಲ, ಸಾಕು."

ಕಟ್ಟಿದರು. ಆ ಭಾರವನ್ನು ಹೇಗೆ ಹೇಳಲಿ? ಭಾರವೇ ಇರಲಿಲ್ಲ. ಬಿಸಿಯಾದ ಒಂದು ಒದ್ದೆ ಎಲೆ ಎದೆಗೆ ಅಂಟಿಕೊಂಡ ಹಾಗಿತ್ತು. ಅದರ ಎದೆ ಬಡಿತ ನನ್ನ ಪಕ್ಕೆಲುಬಿಗೆ ತಾಗುತ್ತಿತ್ತು, ಗಡಿಯಾರಕ್ಕೆ ಹುಚ್ಚು ಹಿಡಿದ ವೇಗದಲ್ಲಿ. ಆಗಾಗ ಉಸಿರು ನಿಲ್ಲುವುದು. ನಾನು ಗಾಬರಿಯಿಂದ ಏದುಸಿರು ಬಿಡುವುದು. ನನ್ನ ಎದೆ ಏರಿಳಿದ ಕುಲುಕಿಗೆ ಅದಕ್ಕೆ ಜ್ಞಾಪಕ ಬಂದು ಮತ್ತೆ ಉಸಿರಾಡುವುದು. ಹೀಗೆ ನನ್ನ ಹೆದರಿಕೆ ಜೀವನದಲ್ಲಿ ಮೊದಲ ಬಾರಿ ಒಂದು ಉಪಯೋಗಕ್ಕೆ ಬಂತು. ಕಿಟಕಿಯಲ್ಲಿ ವೆಲ್ಡಿಂಗಿನವನು ಇಣುಕಿ, "ಏನ್ ಗುರು, ಬಾಣಂತಿನಾ? ಹಾಲು ಬರುತ್ತಾ ಮಚ್ಚಾ?" ಅಂದ. ನಗಲಿಲ್ಲ ನಾನು. ನಕ್ಕರೆ ಮಗು ಬಿದ್ದುಹೋದರೆ?

ಜ್ವರ ಇಳಿಯಿತು, ಮಗು ಹೆಂಡತಿಯ ಎದೆಗೆ ಮರಳಿತು. ಆದರೂ ದಿನಕ್ಕೊಂದು ಪಾಳಿ ನನ್ನದಾಗಿಯೇ ಉಳಿಯಿತು. "ಎಲ್ಲಿವರೆಗೆ ಓನರಮ್ಮ?" ಅಂತ ಕೇಳಿದ್ದಕ್ಕೆ, "ಅದೇ ಒದ್ದು ಇಳೀತದೆ, ನೋಡ್ತಿರು," ಅಂದರು. ಚಳಿ ಹಿಂದೆ ಸರಿದು ಮಧ್ಯಾಹ್ನಗಳು ಕಾಯತೊಡಗಿದಾಗ, ಒಂದು ದಿನ ಮಗು ಸೀರೆಯೊಳಗೆ ಜೋರಾಗಿ ಒದ್ದಾಡಿ, ಕೈ ಹೊರಹಾಕಿ, ಮುಖ ಕೆಂಪು ಮಾಡಿಕೊಂಡು ಕಿರುಚಿತು. ಪವರ್ ಪ್ರೆಸ್ಸಿನ ಸದ್ದನ್ನೂ ಮೀರಿ. ಹೆಂಡತಿ ಬೆದರಿ ನೋಡಿದರೆ, ಅದಕ್ಕೆ ಸೆಕೆಯಾಗಿತ್ತು. ಓನರಮ್ಮ ಓಡಿ ಬಂದು ನೋಡಿ, "ಮುಗೀತು. ಪೀಣ್ಯದ ಕೂಸಾಯ್ತು," ಅಂದರು. ಮರುದಿನ ಅವರ ಸೊಂಟದಲ್ಲಿ ಗೊಂಚಲು ಮತ್ತೆ ಝಣ್ ಅಂತು. ವಠಾರ ನಿಟ್ಟುಸಿರು ಬಿಟ್ಟಿತು.

ಆಮೇಲೆ ನಾವು ಬೇರೆ ಕಡೆ ಮನೆ ಮಾಡಿದೆವು. ಹಬ್ಬಕ್ಕೋ ಹುಣ್ಣಿಮೆಗೋ ಹೋದರೆ ಓನರಮ್ಮ, ಬೆಚ್ಚಗಿದೆಯಾ ಅಂತ, ಮಗಳ ಪಾದ ಮುಟ್ಟಿ ನೋಡುತ್ತಿದ್ದರು, ತಲೆಯನ್ನಲ್ಲ. ಹೋಗುವುದು ಬರಬರುತ್ತಾ ಕಮ್ಮಿಯಾಗಿ ನಿಂತಿತು.

ತಿಥಿಯ ಊಟಕ್ಕೆ ಮೂವರೂ ಹೋಗಿದ್ದೆವು. ಆ ಸಾಲುಮನೆಗಳ ಮುಂದೆಯೇ ಶಾಮಿಯಾನ. ಪ್ರೆಸ್ಸು ಇನ್ನೂ ಬಡಿಯುತ್ತಿತ್ತು. ಬಡಿಸುವುದಕ್ಕೆ ಮುಂಚೆ, ಓನರಮ್ಮನ ವಾರಗಿತ್ತಿ, ಹಲ್ಲಿಲ್ಲದ ಮುದುಕಿ, ನಮ್ಮ ಪಕ್ಕ ಕೂತು ಎಲೆಯಡಿಕೆ ಕುಟ್ಟುತ್ತಾ ನನ್ನ ಮಗಳನ್ನು ನೋಡಿದಳು. "ಇದೇನಾ ಆ ಕುಪ್ಪಸದ ಕೂಸು? ಏಳರದ್ದು ಅಂದಿದ್ಲಲ್ಲ?"

"ಹೌದಜ್ಜಿ," ಅಂದೆ.

ಮುದುಕಿ ಕುಟ್ಟಾಣಿ ನಿಲ್ಲಿಸಿ, ಓನರಮ್ಮನ ಮಗ ದೂರದಲ್ಲಿದ್ದಾನೆ ಅಂತ ಖಾತ್ರಿ ಮಾಡಿಕೊಂಡಳು. "ಅವಳ ಮಗನೂ ಇಂಗೇ ಏಳರದ್ದು. ತುಂಬಿದ ಎಂಟು ಕಣಪ್ಪ ಅದು! ಎಂಟು ಅಂದ್ರೆ ನಮ್ಮತ್ತೆ ಮೊರದಲ್ಲಿ ಮಡಗ್ತಾಳೆ ಅಂತ, ಎರಿಗೆ ನೋವಲ್ಲೇ ನನ್ ಕೈಯಿಡಿದು ಆಣೆ ಆಕಿಸ್ಕಂಡ್ಲು, ಏಳು ಅಂತ್ಲೇ ಅನ್ನಕ್ಕ ಅಂತ. ಏಳು ಅಂದೆ. ಇಲ್ಲೀವರ್ಗೂ ಅಂದೆ. ಅವಳು ಓದ್ಲು, ಆಣೆನೂ ಓಯ್ತು."

ನಾನು ಹೆಂಡತಿಯ ಕಡೆ ನೋಡಿದೆ. ಅವಳ ಕೈ ಎದೆಯ ಮೇಲೆ, ಹಿಂದೆ ಗಂಟು ಇರುತ್ತಿದ್ದ ಜಾಗದಲ್ಲಿತ್ತು.

ಅಷ್ಟರಲ್ಲಿ ಏಳ್ತಿಂಗಳ ಪಾಯಸದ ಬಕೆಟ್ಟು ಹಿಡಿದು ಬಂದ. ತಲೆ ಬೋಳಿಸಿಕೊಂಡಿದ್ದ, ಅತ್ತು ಕಣ್ಣು ಊದಿತ್ತು. ಆ ದೊಡ್ಡ ದೇಹ ನನ್ನ ಮಗಳ ಎಲೆಯ ಮುಂದೆ ಬಗ್ಗಿತು. "ಎಷ್ಟುದ್ದ ಆಗವ್ಳೆ ಸಾರ್! ನಮ್ಮವ್ವ ಯಾವಾಗ್ಲೂ ಅನ್ನೋಳು, ಏಳು ತಿಂಗಳೋರು ಗಟ್ಟಿ, ಎಂಟಾಗಿದ್ರೆ ನೀನು ಉಳೀತಿರಲಿಲ್ಲ ಮಗಾ ಅಂತ. ನಿಮ್ಮ ಮಗಳೂ ಏಳೇ ಅಲ್ವಾ ಸಾರ್?"

ಮುದುಕಿ ಕುಟ್ಟಾಣಿಯೊಳಕ್ಕೆ ನೋಡಿದಳು. ಅಳತೆ ತಪ್ಪಿದ್ದನ್ನು ಪಾಸು ಮಾಡಿದವನಲ್ಲ ನಾನು, ಕೆಲಸದಲ್ಲಿ.

"ಏಳೇ ಕಣಪ್ಪ," ಅಂದಳು ನನ್ನ ಹೆಂಡತಿ.

"ಏಳೇ," ಅಂದೆ ನಾನೂ.

ಅವನು ಕಣ್ಣೊರೆಸಿಕೊಂಡು ನಕ್ಕು, ಮಗಳ ಎಲೆಗೆ ಒಂದು ಸೌಟು ಹಾಕಿದ, ಇನ್ನೊಂದು ಹಾಕಿದ. "ತಿನ್ನವ್ವ, ನಾವು ಏಳ್ತಿಂಗಳೋರು ಜಾಸ್ತಿ ತಿನ್ಬೇಕು." ಮೂರನೆಯದಕ್ಕೆ ಸೌಟೆತ್ತಿದಾಗ ನಾನು ಎಲೆಗೆ ಕೈ ಅಡ್ಡ ಹಿಡಿದೆ.

"ಅಷ್ಟೊಂದು ಬೇಡಪ್ಪ," ಅಂದೆ. "ಹೊಟ್ಟೆ ಕೆಟ್ಟೀತು."